ಹಿಂದಿನ ಬಾಗಿಲಿನ ಗೀರು

ಪ್ರಿಯ ರೋಮೆಕ್,

ಇವತ್ತು ನಿನ್ನ ಮದುವೆ ಎಂದು ನನಗೆಷ್ಟು ಸಂಭ್ರಮ ಗೊತ್ತೆ? ಮೂರು ಹಳ್ಳಿಗೂ ಮದುವೆಯ ಕಾರು ನನ್ನ ಗಂಡ ವಿತೆಕ್‌ನದೊಂದೇ ಆದ್ದರಿಂದ ನಿಮ್ಮಮ್ಮ ನಮ್ಮನ್ನೇ ಕೇಳಿದರು. (ಗಂಡ ಎಂದು ಬರೆಯುವಾಗ ನನಗಿನ್ನೂ ನಗು ಬರುತ್ತದೆ.)

ವಿತೆಕ್ ಮೂರು ದಿನ ಮನೆಯಂಗಳದಲ್ಲೇ ಪಾಲಿಶ್ ಯಂತ್ರ ಹಿಡಿದು ಕೂತ. ಕಪ್ಪು ಬಣ್ಣದ ಮೇಲಿನ ಸುರುಳಿ ಗೀರುಗಳೆಲ್ಲ ಹೋಗಿ, ನಾನು ಬಾನೆಟ್ಟಿನಲ್ಲಿ ಮುಖ ನೋಡಿಕೊಂಡೇ ತಲೆ ಬಾಚಿಕೊಂಡೆ.

ಉಳಿದದ್ದು ಹಿಂದಿನ ಬಲಬಾಗಿಲು. ನಮ್ಮ ಮದುವೆಯ ದಿನ ನೀನು ದಾರಿಗೆ ಹಗ್ಗ ಕಟ್ಟಿ ಕಾರು ತಡೆದು, ದಾರಿ ಬಿಡಲು ಪದ್ಧತಿಯಂತೆ ವೋಡ್ಕಾ ಇಸಿದುಕೊಂಡೆ. ಎಲ್ಲರೂ ಕುಡಿಯುತ್ತಿದ್ದಾಗ ಆ ಬಾಗಿಲ ಮೇಲೆ ಕೀಲಿಕೈಯಿಂದ 'ಬ್ರೋನ್ಯಾ ನನ್ನವಳು' ಎಂದು ಗೀಚಿದೆ. ಚರ್ಚಿನ ಮುಂದೆ ನಾನು ಇಳಿಯುವಾಗ ಅತ್ತೆಯೇ ಮೊದಲು ಓದಿದರು.

"ಇನ್ನೆರಡು ಸುತ್ತು ಹೊಡೆದ್ರೆ ಇದೂ ಹೋಗತ್ತೆ ಕಣೆ," ಎಂದ ವಿತೆಕ್.

"ಬಿಡು ಮಾರಾಯ, ಅಷ್ಟು ಕಷ್ಟಪಟ್ಟು ಬರೆದಿದಾನೆ. ಅವನ ಮದುವೇಲೇ ಅಳಿಸೋದಾ?"

ಸುತ್ತಲೂ ಕನ್ನಡಿಯಂತೆ ಹೊಳೆಯುವುದರಿಂದ ಅಕ್ಷರಗಳೀಗ ದೂರಕ್ಕೇ ಕಾಣುತ್ತವೆ.

ಪತ್ರವನ್ನು ಕಾರಿನ ಜೊತೆಗೇ ಕಳಿಸುತ್ತಿದ್ದೇನೆ. ಒಂದೇ ಕೋರಿಕೆ. ಮದುಮಗಳು ದಾಂಕಾ ಹತ್ತುವುದು ಆ ಬಾಗಿಲಿನಿಂದಲೇ, ಅದನ್ನು ನೀನೇ ತೆರೆದುಕೊಡು. ಯಾರು ಬರೆದದ್ದೆಂದು ಹೇಳುವ ಶ್ರಮ ಬೇಡ. ಶಾಲೆಯಲ್ಲಿ ಎಂಟು ವರ್ಷ ನಿನ್ನ ಪಕ್ಕ ಕೂತವಳು, ನಿನ್ನ ಅಕ್ಷರ ಅವಳಿಗೆ ಗೊತ್ತು.

ಇಂತಿ,
ವಿತೆಕ್‌ನ ಬ್ರೋನ್ಯಾ