ಕುರಿ ಹಿಂದೆ ಹೋದವರು

ಮೇ 8, ಗುರುವಾರ

ಮತ್ತೆ ಕೊಟ್ಟೂರು. ಬಸ್‌ಸ್ಟ್ಯಾಂಡ್ ಹಿಂದಿನ ಒಣಮೀನಿನ ಅಂಗಡಿಯಲ್ಲೇ ಬಿಸಿಲು ನೆತ್ತಿಗೆ ಬಂತು. ಹೊಟ್ಟೆಯೊಳಗಿನ ಪ್ರಾಣಿಗೆ ಆ ವಾಸನೆ ಆಗಿಬರುವುದಿಲ್ಲ. ಪ್ರಶ್ನೆ ಕೇಳುವುದು, ಹೊರಗೆ ಓಡುವುದು, ಬಾಯಿ ತೊಳೆದುಕೊಂಡು ಬಂದು ಮುಂದಿನ ಪ್ರಶ್ನೆ ಕೇಳುವುದು. ಅಂಗಡಿಯಾಕೆಗೆ ನಗು. "ಬಸುರಿ ಹೆಂಗಸು, ನಿನಗ್ಯಾಕ ಬೇಕಿತ್ತವ್ವ ಈ ಉಸಾಬರಿ?"

ಯಾಕೆ ಬೇಕಿತ್ತು... ಎಂ.ಎ. ಎಕನಾಮಿಕ್ಸ್ ಮಾಡಿದ ಗೆಸ್ಟ್ ಲೆಕ್ಚರರ್‌ಗೆ ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ, ಅದಕ್ಕೆ. ದೇಶದ ಆದಾಯದಲ್ಲಿ ಕಡಲಿನ ಪಾಲೆಷ್ಟು ಎಂದು ಅಳೆಯುವ ಸರ್ವೆ. ಮೀನು, ಬಂದರು, ಬಲೆ, ಐಸ್ ಪ್ಲಾಂಟ್, ಎಲ್ಲ. ಕಡಲಿನ ದುಡಿಮೆ ಒಳನಾಡಿಗೂ ಬರುತ್ತದಲ್ಲ, ಹಾಗಾಗಿ ನಮ್ಮ ಈ ಒಣ ತಾಲೂಕುಗಳೂ ಸೇರಿವೆ. ನಿನ್ನೆ ಹಡಗಲಿಯಲ್ಲಿ ಒಬ್ಬ ಮಲ್ಲಿಗೆ ವ್ಯಾಪಾರಿ, "ನಮ್ಮ ಹೂವು ಬೋಟಿನ ಪೂಜಿಗೆ ಹೋಗ್ತಾವ್ರಿ, ಬರ್ಕೊಳ್ರಿ" ಎಂದು ಗಂಟುಬಿದ್ದ. ಬರೆದುಕೊಂಡೆ. ಫಾರ್ಮಿನ ಯಾವ ಕೋಡ್ ನಂಬರಿಗೆ ಹಾಕಬೇಕೋ ದೇವರೇ ಬಲ್ಲ.

ಅಷ್ಟಕ್ಕೂ ಕಡಲಿನ ಪಾಲು ನನ್ನ ಮನೆಯಲ್ಲೇ ಇದೆ. ಗಂಡ ಮಲ್ಪೆಯಲ್ಲಿ ಮೀನಿನ ಬೋಟಿನ ಮೇಲೆ. ಎದುರಿಗೆ ಹೆಸರು ಹಿಡಿದು ಕರೆದಿಲ್ಲ ಇವತ್ತಿನ ತನಕ. ಇಲ್ಲಿ ಬರೆಯುತ್ತೇನೆ, ಯಾರು ನೋಡುತ್ತಾರೆ. ಬೀರಲಿಂಗೇಶ. ಬೀರಲಿಂಗೇಶ. ಜೂನ್ ಒಂದರಿಂದ ಮಳೆಗಾಲದ ಎರಡು ತಿಂಗಳು ಬೋಟ್ ಬಂದ್. ಆಗ ಬರುತ್ತಾನೆ.

ಮೇ 9, ಶುಕ್ರವಾರ

ನಮ್ಮೂರು ತಂಬ್ರಹಳ್ಳಿಯಿಂದ ಇನ್ನೂ ಒಳಗೆ. ಸ್ವಂತ ಊರಿನ ಸರ್ವೆ ಸ್ವತಃ ಮಾಡುವಂತಿಲ್ಲ, ರೂಲ್. ಅದಕ್ಕೆ ನನ್ನ ಬದಲು ಜೊತೆಯ ಸರ್ವೆಯವಳು ಕ್ರಾಂತಿ ಬಂದಿದ್ದಳು. ಹರಪನಹಳ್ಳಿ ಹುಡುಗಿ, ಮಾತು ಮೆತ್ತಗೆ, ಕೆಲಸ ಚುರುಕು. ಸಂಜೆ ಬಸ್ಸಿಗೆ ಬಿಡಲು ಹೋದೆ.

"ನಿಮ್ಮನೆಗೂ ಹೋಗಿದ್ದೆ. ನಿಮ್ಮತ್ತೆ ಚಾ ಕೊಟ್ರು. ಮಗ ಎಲ್ಲಿ ದುಡೀತಾನೆ ಅಂದ್ರೆ, ಕುರಿ ಹಿಂದೆ ಹೋಗ್ಯಾನೆ ಅಂದ್ರು."

"ನೀನು?"

"ನಾನೇನು ಮಾಡ್ಲಿ? ಮನೆಯೋರು ಹೇಳಿದ್ದನ್ನೇ ಬರೀಬೇಕು. ಕುರಿ ಸಾಕಾಣಿಕೆ ಅಂತ ಬರೆದೆ."

ನಮ್ಮ ಮನೆಯಲ್ಲಿ ಒಂದು ಕುರಿಯೂ ಇಲ್ಲ. ಮಾವ ತೀರಿಕೊಂಡ ಮೇಲೆ ಎಲ್ಲ ಮಾರಿಯಾಯಿತು. ಹಟ್ಟಿಯಲ್ಲಿ ಬೈಕ್ ನಿಲ್ಲಿಸುತ್ತೇವೆ. ಮನೆಗೆ ಬಂದು ಅತ್ತೆಯ ಮುಖ ನೋಡಿದೆ. ಏನೂ ಆಗಿಲ್ಲದವಳ ಹಾಗೆ ಜೋಳ ಹಸನು ಮಾಡುತ್ತಿದ್ದಳು. ಸಿಟ್ಟಿಗೆ ನಾನೂ ಮಾತಾಡಲಿಲ್ಲ.

ಮೇ 13, ಮಂಗಳವಾರ

ಸೂಪರ್‌ವೈಸರ್ ನಾಗೇಂದ್ರಪ್ಪನವರ ಫೋನ್.

"ಏನಮ್ಮ ಪುಷ್ಪಲತಾ, ನಿಮ್ಮೂರಾಗ ಕುರಿಗಿಂತ ಕುರಿ ಕಾಯೋರೇ ಭಾಳ ಅದಾರಲ್ಲ. ಕಡಲಿಗೆ ಹೋಗೋರ ಊರು ಅಂತ ನೀನೇ ಸ್ಯಾಂಪಲ್‌ಗೆ ಹಾಕ್ಸಿದ್ದಿ. ನೋಡಿದ್ರ ಸೊನ್ನಿ. ತಗದ್‌ಬಿಡ್ಲೇನು?"

ತಲೆ ಚಚ್ಚಿಕೊಳ್ಳುವಂತಾಯಿತು. ಪಕ್ಕದ ಮನೆ ಹಂಪಕ್ಕನ ಮಗ ಐಸ್ ಹೊರುತ್ತಾನೆ. ಅವಳ ಅಳಿಯ ಬಲೆ ಎಳೆಯುತ್ತಾನೆ. ನಮ್ಮ ಓಣಿಯ ಗಂಡಸರಲ್ಲಿ ಅರ್ಧ ಜನ ಮಲ್ಪೆ, ಮಂಗಳೂರಿನಲ್ಲಿದ್ದಾರೆ. ಹಂಪಕ್ಕನನ್ನೇ ಕೇಳಿದೆ, ಅವಳೂ ಅದೇ ಮಾತು. ಕುರಿ ಹಿಂದೆ. ನನಗೇ ಹೇಳುತ್ತಾಳೆ, ಬಾಗಿಲಿಗೆ ಬಾಗಿಲು ತಾಗಿದ ಮನೆಯವಳಿಗೆ. ಎಲ್ಲ ಮಾತಾಡಿಕೊಂಡವರ ಹಾಗೆ ಬಾಯಿಗೆ ಬೀಗ ಹಾಕಿದ್ದಾರೆ.

ಮೇ 14, ಬುಧವಾರ

ಕೊನೆಗೆ ನಾನೇ ಸೋತು ಅತ್ತೆಯ ಮುಂದೆ ಕೂತೆ. ಯಾಕೆ ಸುಳ್ಳು ಹೇಳಿದಿರಿ ಅಂದೆ.

"ಸುಳ್ಳಲ್ಲ. ಹೊರಗ ಮೇಯಾಕ ಹೋದ ಕುರಿ ಎಣಿಸ್ತಾರೇನು? ಸಂಜಿಗೆ ಹಟ್ಟಿಗೆ ಬರಬೇಕು, ಬಾಗ್ಲು ಹಾಕಬೇಕು, ಆಮ್ಯಾಲೆ. ನಮ್ಮ ಮಾವ ಹಂಗ ಮಾಡ್ತಿದ್ದ. ಅವರಪ್ಪನೂ ಹಂಗ."

"ಇವರು ಮನುಷ್ಯರು, ಕುರಿ ಅಲ್ಲ."

"ಮನಷ್ಯಾರು ಅಂತೇ ಹೆಚ್ಚು ಅಂಜಿಕಿ. ನೀರಿನ ಮ್ಯಾಲೆ ಇರೋನ್ನ ನೀರಿನ ಮ್ಯಾಲೆ ಅದಾನ ಅಂದ್ರ, ನೀರಿಗೆ ಕೇಳ್ತೈತಿ."

ನೀರಿಗೆ ಕಿವಿ ಇಲ್ಲ ಅಂದೆ. "ನಿನಗ ಅದಾವಲ್ಲ, ನೀ ಕೇಳು" ಅಂದು ಎದ್ದುಹೋದಳು.

ಮೂಢನಂಬಿಕೆ, ಇನ್ನೇನು. ಬರೆದು ಬರೆದು ಸಿಟ್ಟು ಇಳಿಯುತ್ತಿದೆ. ಆದರೆ ಒಂದು ಹೊಳೆಯಿತು. ಹಟ್ಟಿಗೆ ಬಂದ ಮೇಲೆ ಎಣಿಸಬಹುದು ಎಂದಳಲ್ಲ. ಜೂನ್ ಒಂದಕ್ಕೆ ಎಲ್ಲರೂ ಬರುತ್ತಾರೆ.

ಮೇ 16, ಶುಕ್ರವಾರ

ಬೀರಲಿಂಗೇಶನ ಫೋನ್. ಐಸ್ ತುಂಬುತ್ತಿದ್ದಾರಂತೆ, ಹಿಂದೆ ಒಂದೇ ಗದ್ದಲ. ಈ ಸೀಸನ್ನಿನ ಕಡೇ ಟ್ರಿಪ್. ದೂರ ಹೋಗುತ್ತಾರೆ, ನೆಟ್‌ವರ್ಕ್ ಸಿಗುವುದಿಲ್ಲ.

"ಕೂಸು ಒದಿತೈತೇನು?"

"ಒದಿತೈತ್ರಿ. ನಿಮ್ಮವ್ವನಂಗ. ಹೇಳಂಗಿಲ್ಲ ಕೇಳಂಗಿಲ್ಲ."

ನಕ್ಕ. ಅವನ ನಗು ಕೇಳಿ ಎಷ್ಟು ದಿನವಾಗಿತ್ತು. "ತಿಂಗಳ ಕಡೀಕ ಬಂದ್‌ಬಿಡ್ತೀನಿ, ಪುಷ್ಪೀ. ಗ್ವಾಡಿಗೆ ಸುಣ್ಣ ನಾನೇ ಹೊಡೀತೀನಿ. ನೀ ಏಣಿ ಹತ್ತಿ ಗಿತ್ತಿ..." ಅಷ್ಟರಲ್ಲಿ ಯಾರೋ ಕೂಗಿದರು. ಕಟ್.

ಏಣಿ ಹತ್ತುವವಳು ನಾನಲ್ಲ. ಆದರೂ ಹಾಗೆ ಹೇಳಿದ್ದು ಹಿತವಾಯಿತು.

ಮೇ 19, ಸೋಮವಾರ

ಹಗರಿಬೊಮ್ಮನಹಳ್ಳಿಗೆ ಹೋಗಿ ನಾಗೇಂದ್ರಪ್ಪನವರನ್ನು ಕಂಡೆ. ಅತ್ತೆ ಹೇಳಿದ್ದನ್ನೆಲ್ಲ ಹೇಳಿ, ಗಂಡಸರು ಬರುವ ತನಕ ಊರನ್ನು ತೆಗೆಯಬೇಡಿ ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಅಡಿಕೆ ಕತ್ತರಿಸತೊಡಗಿದರು.

"ನಮ್ಮವ್ವ ನಾವು ಊಟಕ್ಕ ಕುಂತಾಗ ರೊಟ್ಟಿ ಎಣಿಸಾಕ ಬಿಡ್ತಿದ್ದಿಲ್ಲ" ಅಂದರು. "ಜೂನ್ ನಾಕರ ತನಕ ಟೈಮ್ ಕೊಡ್ತೀನಿ. ಮ್ಯಾಲಿನೋರು ಕೇಳಿದ್ರ ನೆಟ್‌ವರ್ಕ್ ಇದ್ದಿಲ್ಲ ಅಂತೀನಿ. ಅದಂತೂ ನಂಬ್ತಾರ."

ಮೇ 23, ಶುಕ್ರವಾರ

ಟಿವಿಯಲ್ಲಿ ಕಡಲು. ವಾಯುಭಾರ ಕುಸಿತ. ಬೋಟುಗಳೆಲ್ಲ ಕೂಡಲೇ ದಡ ಸೇರಬೇಕು ಅನ್ನುತ್ತಿದ್ದಾರೆ. ಅತ್ತೆ ರಿಮೋಟ್ ತೆಗೆದುಕೊಂಡು ಆಫ್ ಮಾಡಿದಳು. ಇಲ್ಲಿ ಬರೀ ಗಾಳಿ, ಧೂಳು. ಅಂಗಳದ ಬೇವು ಒಂದೇ ಸಮನೆ ಆಡುತ್ತಿದೆ.

ಮೇ 24

ಫೋನ್ ಹತ್ತುತ್ತಿಲ್ಲ.

ಮೇ 26, ಸೋಮವಾರ

ಹಂಪಕ್ಕನ ಮಗನ ಬೋಟ್ ದಡಕ್ಕೆ ಬಂತಂತೆ. ಅವಳು ಬಂದು ಹೇಳಲಿಲ್ಲ, ನಾನೇ ಗೋಡೆಯಾಚೆಯಿಂದ ಕೇಳಿಸಿಕೊಂಡೆ. ನಮ್ಮ ಮುಂದೆ ಖುಷಿ ಪಡಬಾರದು ಅಂತ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಾರೆ.

ಬಂದರಿಗೆ ಫೋನ್ ಮಾಡಿದೆ. ಇನ್ನೂ ಕೆಲವು ಬೋಟ್ ಬಂದಿಲ್ಲ ಮೇಡಂ, ಉತ್ತರದ ಕಡೆ ಯಾವುದಾದರೂ ದಡ ಹಿಡಿದಿರಬಹುದು, ಗಾಬರಿಯಾಗಬೇಡಿ ಅಂದರು. ಹೇಳುವುದು ಸುಲಭ. ಅತ್ತೆಗೆ ಹೇಳಿದೆ. ತಲೆಯಾಡಿಸಿ ನನ್ನ ತಟ್ಟೆಗೆ ಇನ್ನೊಂದು ಚೂರು ಬೆಲ್ಲ ಹಾಕಿದಳು. ನನಗೆ ಭಯವಾಗುತ್ತಿದೆ. ಇದನ್ನು ಇಲ್ಲಿಯಾದರೂ ಬರೆಯಬೇಕು. ತುಂಬಾ ಭಯವಾಗುತ್ತಿದೆ.

ಜೂನ್ 1, ಭಾನುವಾರ

ಬೆಳಗಿನ ಬಸ್ಸಿನಿಂದ ಓಣಿಯ ಗಂಡಸರೆಲ್ಲ ಇಳಿದರು. ಬಿಸಿಲಿಗೆ ಕಪ್ಪಿಟ್ಟ ಮುಖಗಳು. ಮನೆಮನೆಯಲ್ಲೂ ಒಗ್ಗರಣೆ ಘಮ. ನಾನು ಬಸ್ ಖಾಲಿಯಾಗುವ ತನಕ ನಿಂತಿದ್ದೆ. ಡ್ರೈವರ್ ಬಾಗಿಲು ಹಾಕಿಕೊಂಡ ಮೇಲೂ ಸ್ವಲ್ಪ ಹೊತ್ತು.

ಅವನ ಬೋಟಿನ ಸುದ್ದಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೂ ಹೇಳುತ್ತಿಲ್ಲವೇನೋ ಎಂದು ಒಬ್ಬೊಬ್ಬರ ಕಣ್ಣು ನೋಡಿದೆ. ಇಲ್ಲ, ನಿಜವಾಗಿಯೂ ಗೊತ್ತಿಲ್ಲ.

ಜೂನ್ 3, ಮಂಗಳವಾರ, ಮಧ್ಯಾಹ್ನ

ಕ್ರಾಂತಿ ಬೆಳಿಗ್ಗೆಯೇ ಬಂದಳು. ನಾನು ಅಂದುಕೊಂಡ ಹಾಗೇ ಆಯಿತು. ಹೆಂಗಸರೇ ಕರೆದು ಕೂರಿಸಿ ಬರೆಸಿದರು. ನನ್ನ ಮಗ ಐಸಿನ ಕೆಲಸಕ್ಕೆ ಹೋಗ್ತಾನ, ನನ್ನ ಗಂಡ ಬಲಿ ಹೊಲಿತಾನ. ಹಂಪಕ್ಕ ಮಗ, ಅಳಿಯ ಇಬ್ಬರನ್ನೂ ಪಕ್ಕ ನಿಲ್ಲಿಸಿಕೊಂಡೇ ಬರೆಸಿದಳಂತೆ. ಊರು ಇನ್ನು ಸೊನ್ನೆಯಲ್ಲ.

ಕಡೆಗೆ ನಮ್ಮ ಮನೆ. ಕ್ರಾಂತಿ ಹೊಸ್ತಿಲಾಚೆ ನಿಂತಳು. "ಬಿಡ್ಲಾ ಪುಷ್ಪಾ? ನಾಗೇಂದ್ರಪ್ಪನೋರಿಗೆ ನಾನು ಹೇಳ್ತೀನಿ" ಅಂದಳು. ಬೇಡ, ಕೇಳು ಅಂದೆ. ನಾನೇ ಓಡಾಡಿ ತಂದ ಸರ್ವೆ. ನನ್ನ ಮನೆಯೊಂದೇ ಸುಳ್ಳಾಗಿ ಉಳಿಯಬಾರದು.

ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿಂದಲೇ, "ನನ್ನ ಸೊಸಿನ್ನ ಕೇಳವ್ವ. ಆಕಿ ಓದಿದಾಕಿ, ಆಕಿ ಹೇಳಿದ್ದ ಬರ್ಕೋ" ಅಂದಳು. ಸೋತು ಹೇಳಿದ್ದಲ್ಲ, ಬಿಟ್ಟುಕೊಟ್ಟಿದ್ದು. ನನಗೋಸ್ಕರ.

"ನಿಮ್ಮ ಮನೆಯವರು ಎಲ್ಲಿ ಕೆಲಸ ಮಾಡ್ತಾರೆ?"

ಎರಡು ಶಬ್ದದ ಉತ್ತರ. ಬಾಯಿ ತೆರೆದೆ. ಹೊರಗೆ ಅದೇ ಗಾಳಿ.

"ಕುರಿ ಹಿಂದ ಹೋಗ್ಯಾನ" ಅಂದೆ.

ಒಳಗೆ ರೊಟ್ಟಿಯ ಸದ್ದು ನಿಂತಿತು. ಕ್ರಾಂತಿ ಏನೂ ಬರೆಯಲಿಲ್ಲ. ಟ್ಯಾಬ್ ಮುಚ್ಚಿ ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡಳು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಆಗ ನನಗೆ ಅಳು ಬಂತು. ಹನ್ನೊಂದು ದಿನದ್ದು ಅಷ್ಟೂ ಅತ್ತುಬಿಟ್ಟೆ. ಆಮೇಲೆ ಮೂವರೂ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಜೂನ್ 4, ಬುಧವಾರ, ಬೆಳಿಗ್ಗೆ

ಗೊತ್ತಿಲ್ಲದ ನಂಬರ್.

"ಪುಷ್ಪೀ. ನಾನು. ಅದೀನಿ."

ರತ್ನಾಗಿರಿ. ಎಂಜಿನ್ ಕೆಟ್ಟು ಗಾಳಿ ಕರೆದ ಕಡೆ ಹೋಗಿದ್ದಾರೆ. ಬೇರೆ ಬೋಟಿನವರು ಹಗ್ಗ ಕಟ್ಟಿ ಎಳೆದು ತಂದರಂತೆ. ಫೋನ್ ನೀರುಪಾಲು. ಇದನ್ನೆಲ್ಲ ಅವನು ಹೇಳುತ್ತಲೇ ಇದ್ದ. ಫೋನ್ ಅತ್ತೆಗೆ ಕೊಟ್ಟೆ. ಅವಳು ಕೇಳಿದ್ದು ಇಷ್ಟೇ. "ಉಂಡಿಯೇನಪ್ಪ?"

ನಾಗೇಂದ್ರಪ್ಪನವರಿಗೆ ಫೋನ್ ಮಾಡಿ ಹೇಳಿದೆ. "ನಿಮ್ಮದೊಂದು ಮನಿ ಬಾಕಿ ಇಟ್ಟಿರ್ತೀನಿ. ಹುಡುಗ ಬರ್ಲಿ ಮೊದ್ಲು" ಅಂದರು.

ಜೂನ್ 6, ಶುಕ್ರವಾರ

ಬಂದ. ಬಂದಿದ್ದಾನೆ. ಬರೆದು ಮತ್ತೆ ಓದಿಕೊಳ್ಳುತ್ತಿದ್ದೇನೆ.

ತುಂಬಾ ಬಡಕಲಾಗಿದ್ದಾನೆ. ಅಂಗೈ ಉಪ್ಪಿಗೆ ಬಿರುಕು ಬಿಟ್ಟಿದೆ. ಸ್ನಾನ ಮಾಡಿ, ಉಂಡು, ಹಾಸಿಗೆ ಹಾಸುವುದರೊಳಗೆ ನೆಲದ ಮೇಲೇ ಮಲಗಿಬಿಟ್ಟ. ಅತ್ತೆ ಕಂಬಳಿ ಹೊದಿಸಿದಳು, ಈ ಸೆಕೆಯಲ್ಲಿ. ಬೇಡ ಅನ್ನಲು ಮನಸ್ಸಾಗಲಿಲ್ಲ.

ಆಮೇಲೆ ತಾನೇ ನನ್ನ ಕೈಯಿಂದ ಕ್ರಾಂತಿಗೆ ಫೋನ್ ಹಚ್ಚಿಸಿದಳು. "ಬಾ ಯವ್ವ, ಈಗ ಬರ್ಕೊಳ್ಳುವಂತಿ." ಕ್ರಾಂತಿ ಹೂವು ತಂದಿದ್ದಳು. ಪಡಸಾಲೆಯಲ್ಲಿ ಕೂತೆವು, ಮಲಗಿದವನ ಕಾಲ ಹತ್ತಿರ. ಅತ್ತೆ ಎಲ್ಲ ಹೇಳಿದಳು. ಯಾವ ಬೋಟ್, ಏನು ಕೆಲಸ, ಎಷ್ಟು ವರ್ಷದಿಂದ. ಇಷ್ಟೆಲ್ಲ ಗೊತ್ತಿತ್ತು ಈ ಮುದುಕಿಗೆ.

ಕೊನೆಯ ಪ್ರಶ್ನೆಯನ್ನು ಕ್ರಾಂತಿ ಟ್ಯಾಬ್ ನೋಡಿ ಓದಿದಳು. "ವರ್ಷಕ್ಕೆ ನಿಮ್ಮನೆಗೆ ಕಡಲಿಂದ ಏನು ಬರ್ತದೆ?"

ಅತ್ತೆ ಕೈ ಚಾಚಿ ಅವನ ಪಾದ ಮುಟ್ಟಿದಳು.

"ಇವ ಬರ್ತಾನ" ಅಂದಳು.

ಅಲ್ಲಿ ಅಂಕಿ ಹಾಕಬೇಕು. ಹಾಕದೆ ಟ್ಯಾಬ್ ಮುಂದೆ ಹೋಗುವುದಿಲ್ಲ. ಕ್ರಾಂತಿ ನನ್ನ ಮುಖ ನೋಡಿದಳು. ನಾನು ಎಂ.ಎ. ಎಕನಾಮಿಕ್ಸ್, ನಾನು ಅವಳಿಗೆ ಏನು ಹೇಳಿದೆನೆಂದರೆ... ಇರು, ಎದ್ದ. ನೀರು ಕೇಳುತ್ತಿದ್ದಾನೆ.