ಮತ್ತೋಡಿಗೆ ಒಬ್ಬರು

ಜನವರಿ 3, 2025. ಬೆಳಿಗ್ಗೆ

ಟೀ ಆರಿಹೋಯಿತು. ಚಾರ್ಟ್ ಇನ್ನೂ ಮುಗಿದಿಲ್ಲ. ಕೆಂಚಪ್ಪನವರು ಆಗಲೇ ಎರಡು ಸಲ ಫೋನ್ ಮಾಡಿದರು. ಜಿಲ್ಲೆಯ ಡಿಗ್ರಿ ಪರೀಕ್ಷೆಗೆಲ್ಲ ಅವರೇ ಕೋಆರ್ಡಿನೇಟರ್. ಸಿಟ್ಟಿಂಗ್ ಸ್ಕ್ವಾಡ್ ಹಂಚುವ ತಲೆನೋವನ್ನು ಈ ಸಲ ನನ್ನ ತಲೆಗೆ ಕಟ್ಟಿದ್ದಾರೆ. ‘ಅದೇನೋ ಅಸೈನ್‌ಮೆಂಟ್ ಪ್ರಾಬ್ಲಮ್ ಅಂತ ಓದೀರಲ್ಲ ಮೇಡಂ, ಅದ್ರಾಗೆ ಹಾಕ್ರಿ, ಆಮೇಲೆ ಯಾರೂ ನನ್ ಹತ್ರ ಗಲಾಟೆ ಮಾಡಂಗಿಲ್ಲ’ ಅಂದರು.

ಹದಿನಾಲ್ಕು ಕೇಂದ್ರ, ಹದಿನಾಲ್ಕು ಅಧ್ಯಾಪಕರು. ಒಬ್ಬೊಬ್ಬರಿಗೆ ಒಂದೊಂದು ಊರು. ವಾರಕ್ಕೊಂದು ಚಾರ್ಟು; ದಿನಾ ಪರೀಕ್ಷೆ ಮುಗಿಯುವ ತನಕ ಅಲ್ಲೇ ಕೂತು ನಕಲು ಕಾಯಬೇಕು. ಎಲ್ಲರ ಓಡಾಟ ಸೇರಿಸಿದರೆ ಅತಿ ಕಡಿಮೆ ಕಿಲೋಮೀಟರ್ ಆಗುವಂತೆ ಹಂಚಬೇಕು — ನಿಯಮ ಅಷ್ಟೇ. ಈ ವರ್ಷ ಹೋಬಳಿಗಳಿಗೂ ಕೇಂದ್ರ ಕೊಟ್ಟಿದ್ದಾರೆ. ಲೆಕ್ಕ ಹಾಕಿದರೆ ಪ್ರೊ. ಗುರುರಾಜ್‌ಗೆ ಬಂದದ್ದು ಚಿತ್ರದುರ್ಗದ್ದೇ ಕಾಲೇಜು. ಮನೆಯಿಂದ ನಡೆದುಕೊಂಡೇ ಹೋಗಬಹುದು. ಆಹಾ.

ಅವರ ಸಾಲಿನಲ್ಲಿ ಹತ್ತಿರದ ಊರುಗಳ ಎದುರು ನಿಜವಾದ ಕಿಲೋಮೀಟರ್ ಅಳಿಸಿ ನಾನೇ ಒಂಬೈನೂರ ತೊಂಬತ್ತೊಂಬತ್ತು ತುಂಬಿದೆ. ಚಿತ್ರದುರ್ಗ — 999. ತುರುವನೂರು — 999. ಹೊಳಲ್ಕೆರೆ, ಹಿರಿಯೂರು — ಅವಕ್ಕೂ. ಪ್ರೋಗ್ರಾಂ ಮತ್ತೆ ಓಡಿಸಿದೆ.

ಗುರುರಾಜ್: ಮತ್ತೋಡು.

ಹೊಸದುರ್ಗದ ತನಕ ಒಂದು ಬಸ್ಸು. ಅಲ್ಲಿಂದ ಇನ್ನೊಂದು — ಅದು ಬಂದರೆ. ಸೊಂಟ ಮುರಿಯಲಿ. ಟೀ ಮತ್ತೆ ಕಾಸಿಕೊಂಡು ಕುಡಿದೆ.

ಜನವರಿ 4

ಕೆಂಚಪ್ಪನವರು ಚಾರ್ಟ್ ನೋಡಿ ಕನ್ನಡಕ ಒರೆಸಿದರು. ‘ಮೇಡಂ, ಗುರುರಾಜ್ ಸಾರಿಗೆ ಮತ್ತೋಡಾ? ಅಷ್ಟ್ ದೊಡ್ ಮನುಷ್ಯನ್ನ...’

‘ಕಂಪ್ಯೂಟರ್ ಕೊಟ್ಟಿದ್ದು ಸಾರ್. ಅದಕ್ಕೇನ್ ದೊಡ್ಡೋರು ಚಿಕ್ಕೋರು ಗೊತ್ತಾಗತ್ತಾ?’

‘ಅದೂ ಸರಿ ಬಿಡ್ರಿ’ ಅಂತ ಸಹಿ ಹಾಕಿದರು. ಸಂಜೆಗೆ ಚಾರ್ಟು ವಾಟ್ಸಾಪ್ ಗ್ರೂಪಿನಲ್ಲಿತ್ತು. ಗುರುರಾಜ್ ಬರೀ ಹೆಬ್ಬೆರಳು ಒತ್ತಿದ್ದಾರೆ.

ಮೈಯೆಲ್ಲ ಉರಿಯಿತು ಆ ಹೆಬ್ಬೆರಳು ನೋಡಿ. ಏಳು ವರ್ಷದ ಕೆಳಗೆ ನಾನು ಅವರ ಪಿಎಚ್‌ಡಿ ವಿದ್ಯಾರ್ಥಿ. ಇದೇ ಸಮಸ್ಯೆ, ಮೂರು ಅಧ್ಯಾಯ. ಲಾರಿಗೆ ಲೋಡು ಹಂಚುವುದು, ಸರ್ವರ್‌ಗಳಿಗೆ ಕೆಲಸ ಹಂಚುವುದು, ಕೊನೆಯದು ಕೋರ್ಟು. ಬಡವರಿಗೆ ಸರ್ಕಾರ ಕೊಡುವ ಉಚಿತ ವಕೀಲರನ್ನು ಕೇಸುಗಳಿಗೆ ಹಂಚುವುದು ಹೇಗೆ, ಯಾರಿಗೂ ಅನ್ಯಾಯವಾಗದಂತೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕೋರ್ಟುಗಳ ಜಗಲಿಯಲ್ಲಿ ಎರಡು ಬೇಸಿಗೆ ಕೂತು ಮಾಡಿದ್ದು. ಅದು ಅವರ ಹೆಸರಿನಲ್ಲಿ ಪುಸ್ತಕವಾಗಿ ಬಂತು. ಕೃತಜ್ಞತೆಯಲ್ಲಿ ನಾನು ಇದ್ದೆ — ‘ಬೆರಳಚ್ಚಿಗೆ ಸಹಕರಿಸಿದ ಕು. ದೇವಿಕಾ’. ಕೇಳಿದ್ದಕ್ಕೆ ಪ್ರಗತಿ ವರದಿಗೆ ಸಹಿ ಹಾಕಲಿಲ್ಲ. ರಿಜಿಸ್ಟ್ರೇಷನ್ ರದ್ದಾಯಿತು. ಇವತ್ತಿಗೂ ನನ್ನ ಹೆಸರಿನ ಮುಂದೆ ಡಾಕ್ಟರ್ ಇಲ್ಲ. ಬೆರಳಚ್ಚಂತೆ!

ಜನವರಿ 6. ಸಂಜೆ

ಮೊದಲ ದಿನ. ಇಡೀ ದಿನ ಗಡಿಯಾರ ನೋಡಿದೆ. ಈಗ ಹೊಳಲ್ಕೆರೆ ದಾಟಿರಬೇಕು, ಈಗ ಹೊಸದುರ್ಗ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತಿರಬೇಕು... ಕ್ಲಾಸಿನಲ್ಲಿ ಒಬ್ಬಳೇ ನಕ್ಕೆ, ಹುಡುಗರು ಮುಖ ಮುಖ ನೋಡಿಕೊಂಡರು.

ಸಂಜೆ ಅವರದೇ ಫೋನು. ‘ಏನಮ್ಮ ದೇವಿಕಾ, ಚೆನ್ನಾಗಿದೀಯಾ? ಒಳ್ಳೆ ಕಡೆ ಹಾಕಿದೀಯ ನೋಡು. ಗಾಳಿ ಎಷ್ಟ್ ಚೆನ್ನಾಗೈತೆ ಅಂತೀಯ!’

ಅವರ ದನಿಯಲ್ಲಿ ಸುಸ್ತೇ ಇರಲಿಲ್ಲ. ಫೋನಿಟ್ಟ ಮೇಲೆ ತಲೆದಿಂಬಿಗೆ ಗುದ್ದಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ‘ಯಾರ್ ಮ್ಯಾಲವ್ವ ಅಷ್ಟ್ ಸಿಟ್ಟು? ದಿಂಬೇನ್ ಮಾಡೈತೆ?’

ಜನವರಿ 10. ಮಧ್ಯಾಹ್ನ

ಸಿಕ್ಕಿಬಿದ್ದರು!

ಔಷಧಿ ತರಲು ಇಲ್ಲೇ ದುರ್ಗದ ಸಂತೆಹೊಂಡದ ಕಡೆ ಹೋಗಿದ್ದೆ. ಹನ್ನೊಂದು ಗಂಟೆ ಇರಬೇಕು, ಪರೀಕ್ಷೆ ನಡೆಯುವ ಹೊತ್ತು. ಹೋಟೆಲಿನಲ್ಲಿ ಕಿಟಕಿ ಪಕ್ಕ ಕೂತು ಮಸಾಲೆ ದೋಸೆ ತಿನ್ನುತ್ತಿದ್ದರು ಗುರುರಾಜ್. ಕಣ್ಣಾರೆ ನೋಡಿದೆ. ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡರು.

ಅಲ್ಲೇ ಫುಟ್‌ಪಾತಿನಿಂದ ಮತ್ತೋಡು ಕೇಂದ್ರದ ಮುಖ್ಯಸ್ಥ ಗಂಗಾಧರಪ್ಪನವರಿಗೆ ಫೋನ್ ಮಾಡಿದೆ. ಸುಮ್ಮನೆ ವಿಚಾರಿಸುವ ಹಾಗೆ.

‘ಸಾರ್ ಎಲ್ ಬರ್ತಾರೆ ಮೇಡಂ. ಅವ್ರ ಹುಡುಗಿ ಬರ್ತಾಳಲ್ಲ, ರಿಸರ್ಚ್ ಸ್ಕಾಲರು. ಮೊದಲ್ನೇ ದಿನದಿಂದ್ಲೂ ಆಕೇನೇ. ಅಡ್ಜಸ್ಟ್‌ಮೆಂಟ್ ಮಾಡ್ಕಂಡೀವಿ. ಸಾರ್ ಹೆಸ್ರಾಗೆ ಸೈನ್ ಹಾಕಿ ಕುಂತ್ಕಂತಾಳೆ ಪಾಪ, ಬಲು ಚುರುಕು.’

ಅಡ್ಜಸ್ಟ್‌ಮೆಂಟು. ನಮ್ಮಲ್ಲಿ ಯಾರು ಮಾಡುವುದಿಲ್ಲ? ಮದುವೆ ಇದ್ದರೆ, ಜ್ವರ ಬಂದರೆ, ಒಬ್ಬರ ಡ್ಯೂಟಿ ಇನ್ನೊಬ್ಬರು ಬಾಯಿಮಾತಿನಲ್ಲಿ ಮಾಡಿಕೊಡುತ್ತೇವೆ. ಚಾರ್ಟು ಮಾಡುವಾಗ ಎಲ್ಲ ಲೆಕ್ಕ ಹಿಡಿದೆ, ಇದೊಂದನ್ನು ಬಿಟ್ಟೆ. ಇರಲಿ. ಇದರಿಂದ ಒಳ್ಳೆಯದೇ ಆಯಿತು. ಬಸ್ಸಿನಲ್ಲಿ ಸೊಂಟ ಮುರಿಯುವುದಕ್ಕಿಂತ ಸಸ್ಪೆಂಡ್ ಆಗುವುದು ಮೇಲು.

ಮುಂದಿನ ವಾರಕ್ಕೆ ಅವರಿಗೆ ಇನ್ನೊಂದು ದೂರದ ಹೋಬಳಿ, ಜವನಗೊಂಡನಹಳ್ಳಿ ಹಾಕೋಣ ಅಂತಿದ್ದೆ. ಬೇಡ. ಮತ್ತೋಡೇ ಇರಲಿ. ಕೆಂಚಪ್ಪನವರಿಗೆ ‘ದಿಢೀರ್ ತಪಾಸಣೆ ಮಾಡಿಸಿ ಸಾರ್, ಹೋಬಳಿ ಕೇಂದ್ರಗಳ ಬಗ್ಗೆ ದೂರು ಬರ್ತಿದಾವೆ’ ಅಂದೆ. ಹದಿನೇಳಕ್ಕೆ ಜೀಪು. ವಿಶ್ವವಿದ್ಯಾಲಯದಿಂದ ಪಾಲಯ್ಯ ಅಂತ ಒಬ್ಬರು ಬರುತ್ತಾರಂತೆ. ಜೊತೆಗೆ ನಾನು.

ಜನವರಿ 14. ಸಂಕ್ರಾಂತಿ

ಆ ಹುಡುಗಿ ಮನೆಗೇ ಬಂದಳು. ಮಮತಾ ಅಂತ ಹೆಸರು. ಎಳ್ಳು ಬೆಲ್ಲದ ಡಬ್ಬಿ ಹಿಡಿದು, ಚಪ್ಪಲಿ ಬಿಡಲೂ ಸಂಕೋಚಪಡುತ್ತಾ. ಅಮ್ಮ ‘ಬಾರವ್ವ, ಕುಂತ್ಕ’ ಅಂತ ಒಳಗೆ ಕರೆದಳು.

ಥೀಸಿಸ್ ಮುಗಿದಿದೆಯಂತೆ. ಅದೂ ಅಸೈನ್‌ಮೆಂಟ್ ಪ್ರಾಬ್ಲಮ್ಮೇ. ಈ ತಿಂಗಳ ಕೊನೆಗೆ ಸಲ್ಲಿಸದಿದ್ದರೆ ರಿಜಿಸ್ಟ್ರೇಷನ್ ಅವಧಿ ಮುಗಿಯುತ್ತದೆ. ಗುರುರಾಜ್ ಸಹಿ ಒಂದು ಬಾಕಿ. ‘ಪರೀಕ್ಷೆ ಮುಗೀಲಿ ಆಮೇಲೆ ಹಾಕ್ತೀನಿ’ ಅಂತ ಕೂತಿದ್ದಾರೆ.

‘ಮೇಡಂ, ಚಾರ್ಟ್ ನೀವೇ ಮಾಡೋದಂತಲ್ಲ. ಇನ್ ಉಳಿದ ದಿನಕ್ಕಾದ್ರೂ ಸಾರ್‌ಗೆ ಇಲ್ಲೇ ದುರ್ಗದಾಗೆ ಹಾಕ್ರಿ. ಬೆಳಿಗ್ಗೆ ಕತ್ಲಾಗೆ ಬಸ್ ಹತ್ತಬೇಕು. ಯಾರ್‌ದೋ ಹೆಸ್ರಲ್ಲಿ ಸೈನ್ ಹಾಕಕ್ಕೆ ಮನಸ್ ಒಪ್ಪಲ್ಲ. ಹೋಗಲ್ಲ ಅಂದ್ರೆ ಥೀಸಿಸ್ಸಿಗೆ ಸಾರ್ ಸಹಿ ಸಿಗಲ್ಲ.’

ನಾನು ಏಳು ವರ್ಷದ ಹಿಂದೆ ಹೀಗೇ ಇದ್ದೆನಾ? ಇದ್ದೆ. ಅವರ ಮನೆಗೆ ತರಕಾರಿ ತಂದುಕೊಟ್ಟಿದ್ದೇನೆ, ಗ್ಯಾಸ್ ಸಿಲಿಂಡರಿಗೆ ಸಾಲಿನಲ್ಲಿ ನಿಂತಿದ್ದೇನೆ.

‘ನೋಡ್ತೀನಮ್ಮ’ ಅಂದೆ.

ಅವಳು ಹೋದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಆ 999 ತೆಗೆದು ಓಡಿಸಿದೆ. ಗುರುರಾಜ್: ಚಿತ್ರದುರ್ಗ. ಇವತ್ತೇ ಕಳಿಸಿದರೆ ನಾಳೆಯಿಂದ ಹುಡುಗಿ ಮನೆಯಲ್ಲಿ ಇರುತ್ತಾಳೆ. ಗುರುರಾಜ್ ಕಾಲೇಜಿಗೆ ನಡೆದು ಹೋಗಿ, ಕಾಫಿ ಕುಡಿದು, ನಗುತ್ತಾ ಬರುತ್ತಾರೆ. ಏಳು ವರ್ಷ ಕಾದಿದ್ದೇನೆ... ಹುಡುಗಿಗೆ ಏನೂ ಆಗುವುದಿಲ್ಲ, ಕಳಿಸಿದವರು ಸಿಕ್ಕಿಬೀಳುತ್ತಾರೆ, ಬಂದವಳಲ್ಲ.

ಕಳಿಸಲಿಲ್ಲ.

ಜನವರಿ 17. ರಾತ್ರಿ ಊಟ ಆದ ಮೇಲೆ

ಮುಗಿಯಿತು. ಹೊಟ್ಟೆ ತುಂಬ ಉಂಡೆ.

ಜೀಪು ಮತ್ತೋಡು ತಲುಪಿದಾಗ ಪರೀಕ್ಷೆ ಅರ್ಧ ಆಗಿತ್ತು. ಗಂಗಾಧರಪ್ಪ ಓಡಿ ಬಂದರು, ಮುಖದಲ್ಲಿ ರಕ್ತವೇ ಇಲ್ಲ. ಪಾಲಯ್ಯ ಹಾಜರಿ ಪುಸ್ತಕ ತೆಗೆದರು. ‘ಸಿಟ್ಟಿಂಗ್ ಸ್ಕ್ವಾಡ್ ಯಾರ್ರಿ ಇಲ್ಲಿ? ಗುರುರಾಜ್ ಅಂತ ಸೈನ್ ಐತೆ. ಎಲ್ಲವ್ರೆ?’

ಮಮತಾ ಬಾಗಿಲಲ್ಲಿ ನಿಂತಳು. ನನ್ನನ್ನು ನೋಡಿ ಮುಖ ಅರಳಿತು, ಕಾಪಾಡಲು ಬಂದಿದ್ದೇನೆ ಅಂದುಕೊಂಡಳೋ ಏನೋ. ಪಾಲಯ್ಯ ನನ್ನ ಕಡೆ ತಿರುಗಿದರು. ‘ಮೇಡಂ, ಈಕೆ ಯಾರು ಗೊತ್ತಾ ನಿಮ್ಗೆ?’

‘ಗೊತ್ತು. ಇವರು ಗುರುರಾಜ್ ಅಲ್ಲ’ ಅಂದೆ.

ಪಾಲಯ್ಯ ಬರೆದುಕೊಂಡರು. ವಾಪಸು ಬರುವಾಗ ಹೊಳಲ್ಕೆರೆಯಲ್ಲಿ ಟೀ ಕುಡಿದೆವು. ಟೀ ಕೊಡಿಸಿದ್ದು ನಾನೇ. ಅವಳ ಮುಖ ಮತ್ತೆ ಮತ್ತೆ ಬರುತ್ತಿದೆ. ಬರಲಿ. ಅವಳಿಗೇನೂ ಆಗಲ್ಲ.

ಜನವರಿ 20

ಹಾಳಾಗಿ ಹೋಗಲಿ ಆ ಮನುಷ್ಯ!

ಗುರುರಾಜ್ ವಿವರಣೆ ಕೊಟ್ಟಿದ್ದಾರೆ. ಎರಡು ವಾರದಿಂದ ಜ್ವರವಂತೆ, ಡಾಕ್ಟರ ಸರ್ಟಿಫಿಕೇಟು ಸಮೇತ. ‘ಕಾಯಿಲೆ ವಿಷಯ ಕೇಂದ್ರಕ್ಕೆ ತಿಳಿಸು ಅಂತ ಹುಡುಗಿಗೆ ಹೇಳಿದ್ದೆ, ಅವಳೇ ನನ್ನ ಸಹಿ ಮಾಡಿಕೊಂಡು ಕೂತಿದ್ದಾಳೆ, ನನಗೆ ಆಘಾತವಾಗಿದೆ’ ಅಂತ. ಆಘಾತ! ಗಂಗಾಧರಪ್ಪ ತನ್ನ ಕುರ್ಚಿ ಉಳಿಸಿಕೊಳ್ಳಲು ಅದಕ್ಕೇ ಹೂಂ ಅಂದಿದ್ದಾರೆ.

ಮಮತಾ ಮೇಲೆ ನಕಲಿ ಸಹಿಯ ಆರೋಪ. ವಿಚಾರಣೆ ಮುಗಿಯುವ ತನಕ ಥೀಸಿಸ್ ತೆಗೆದುಕೊಳ್ಳುವುದಿಲ್ಲ. ತಿಂಗಳು ಮುಗಿದರೆ ಅವಳ ಕಥೆಯೂ ಮುಗಿದ ಹಾಗೆ. ಮತ್ತೆ ಗುರುರಾಜ್? ‘ಪಾಪ ಸಾರಿಗೆ ಹುಷಾರಿಲ್ಲ, ಇನ್ ಮುಂದೆ ಡ್ಯೂಟಿ ಬ್ಯಾಡ’ ಅಂದರು ಕೆಂಚಪ್ಪ. ಮತ್ತೋಡಿಗೆ ಬೇರೆ ಯಾರನ್ನಾದರೂ ಹಾಕಬೇಕಂತೆ. ನಾನು ಎಸೆದ ಕಲ್ಲು ಅವರ ಕೂದಲನ್ನೂ ಮುಟ್ಟಲಿಲ್ಲ.

ಜನವರಿ 21. ಸಂಜೆ

ಮಮತಾ ಬಂದಿದ್ದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಒಳಗೂ ಬರಲಿಲ್ಲ, ಗೇಟಿನ ಹೊರಗೇ ನಿಂತು ಮಾತಾಡಿದಳು.

‘ಎರಡೂ ವಾರದ ಚಾರ್ಟು ಗ್ರೂಪಲ್ಲಿತ್ತಲ್ಲ ಮೇಡಂ, ಸಾರ್ ನಂಗೆ ಕಳ್ಸಿದ್ರು. ಹದಿನಾಲ್ಕೂ ಜನರ ಮನೆಯಿಂದ ದೂರ ಹಿಡಿದು ನಾನೇ ಹಾಕಿ ನೋಡ್ದೆ. ನಂಗೂ ಬರ್ತೈತೆ ಆ ಲೆಕ್ಕ. ಸಾರ್‌ಗೆ ಮತ್ತೋಡು ಬರಲ್ಲ. ಹೆಂಗ್ ಹಾಕಿದ್ರೂ ಬರಲ್ಲ. ಯಾರೋ ಬೇಕಂತ್ಲೇ ಕೂರಿಸ್ಯಾರೆ.’

ಗೇಟು ತೆಗೆಯಲು ಹೋದೆ, ಅವಳು ಹಿಂದೆ ಸರಿದಳು.

‘ನಿಮ್ಗೂ ಅವ್ರಿಗೂ ಏನ್ ಇತ್ತೋ ನಂಗೊತ್ತಿಲ್ಲ. ಹಬ್ಬದ ದಿನ ನಿಮ್ ಮನೆ ಬಾಗಿಲಿಗೆ ಬಂದು ಕೇಳ್ಕಂಡೆ. ನಿಮ್ಮನ್ನ ಬಿಡಲ್ಲ ಮೇಡಂ. ಅವ್ರನ್ನೂ ಬಿಡಲ್ಲ. ಕಮಿಟಿಗೆ ಬರ್ದು ಕೊಟ್ಟೀನಿ.’

ಆ ದನಿ ನನಗೆ ಗೊತ್ತು. ಏಳು ವರ್ಷದಿಂದ ನನ್ನೊಳಗೆ ದಿನಾ ಕೇಳುತ್ತಿರುವ ದನಿ. ಅವಳು ಹೋದ ಮೇಲೆ ಅಮ್ಮ ಕೇಳಿದಳು, ‘ಆ ಮಗೀಗೆ ನೀ ಏನ್ ಮಾಡ್ದೆ?’ ಬಚ್ಚಲಿಗೆ ಹೋಗಿ ಮುಖ ತೊಳೆದೆ.

ಜನವರಿ 24. ಬೆಳಿಗ್ಗೆ. ವಿಚಾರಣಾ ಕೊಠಡಿಯ ಹೊರಗೆ, ಬೆಂಚಿನ ಮೇಲೆ

ಹತ್ತೂವರೆಗೆ ಅಂದರು. ಇನ್ನೂ ಕರೆದಿಲ್ಲ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಮತಾ ಎದುರು ಬೆಂಚಿನಲ್ಲಿದ್ದಾಳೆ. ಜೊತೆಗೆ ಯಾರೂ ಇಲ್ಲ. ನನ್ನ ಕಡೆ ನೋಡುತ್ತಿಲ್ಲ.

ಈಗ ತಾನೇ ಗುರುರಾಜ್ ಬಂದು ನನ್ನ ಪಕ್ಕದಲ್ಲೇ ಕೂತರು. ಸೆಂಟಿನ ವಾಸನೆ ಅದೇ. ಮೆಲ್ಲಗೆ ಹೇಳಿದರು, ‘ನೋಡಮ್ಮ, ಆಗಿದ್ದಾಯ್ತು. ನೀನು ಚಾರ್ಟು ಸರಿಯಾಗೈತೆ, ಹುಡುಗಿ ಲೆಕ್ಕನೇ ತಪ್ಪು ಅನ್ನು. ನಾನು ದೇವಿಕಾ ಅಂಥೋಳಲ್ಲ ಅಂತೀನಿ. ಇಬ್ರೂ ಒಂದೇ ಮಾತು ಹೇಳಾಣ. ನಿನ್ ಹಳೇ ಥೀಸಿಸ್ಸೂ ನೋಡಾಣ, ರಿಜಿಸ್ಟ್ರೇಷನ್ ಮತ್ತೆ ಮಾಡಿಸ್ಬೋದು.’

‘ಯೋಚನೆ ಮಾಡ್ತೀನಿ ಸಾರ್’ ಅಂದೆ.

ಥೂ ನನ್ನ ನಾಲಿಗೆ. ಸಾರ್ ಅಂದೆ! ಕ್ಯಾಕರಿಸಿ ಉಗಿಯಬೇಕಿತ್ತು. ಬದಲಿಗೆ ಎದೆಯೊಳಗೆ ಎಲ್ಲೋ ಆಸೆಯಾಯಿತು — ಡಾ. ದೇವಿಕಾ. ಎಷ್ಟು ಸಲೀಸು ನೋಡು. ನಾನು ಹೂಂ ಅಂದರೆ ಸಾಕು, ನನ್ನ ಲೆಕ್ಕಕ್ಕೆ ಎದುರು ಇವಳ ಲೆಕ್ಕವನ್ನು ಒಳಗೆ ಕೂತವರು ಯಾರೂ ನಂಬುವುದಿಲ್ಲ.

ಹತ್ತನೇ ತಾರೀಕು ಅವರು ಊರಿನಲ್ಲೇ ದೋಸೆ ತಿನ್ನುತ್ತಿದ್ದದ್ದು ನೋಡಿದವಳು ನಾನೊಬ್ಬಳೇ. ಗಂಗಾಧರಪ್ಪನ ಬಾಯಲ್ಲಿ ‘ಮೊದಲ್ನೇ ದಿನದಿಂದ್ಲೂ’ ಅಂತ ಕೇಳಿದವಳೂ ನಾನೇ. ಅದನ್ನು ಹೇಳಿದರೆ ಜ್ವರದ ಸರ್ಟಿಫಿಕೇಟು ಹಾರಿಹೋಗುತ್ತದೆ. ಆದರೆ ಗೊತ್ತಿದ್ದೂ ಮತ್ತೋಡಿಗೇ ಯಾಕೆ ಹಾಕಿದೆ ಅಂತ ಕೇಳುತ್ತಾರೆ. ಆ 999 ತೋರಿಸಬೇಕಾಗುತ್ತದೆ. ಕೆಲಸ ಹೋಗಬಹುದು. ಅಮ್ಮನಿಗೆ ಏನು ಹೇಳಲಿ...

ಬಾಗಿಲು ತೆರೆಯಿತು. ಜವಾನ ನನ್ನ ಹೆಸರೇ ಮೊದಲು ಕರೆದ.

ಗುರುರಾಜ್ ಹುಬ್ಬೆತ್ತಿ ನೋಡಿದರು. ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ, ‘ನಂದು ಎಲ್ಲಾ ಹೋಗ್ಲಿ. ಆದ್ರೆ ನಿಮ್ಮನ್ನ ಹಿಡ್ಕಂಡೇ ಹೋಗ್ತೀನಿ.’

ಅವರ ಮುಖ ಬಿಳಿಚಿಕೊಂಡಿತು. ಸಂಕ್ರಾಂತಿಯಿಂದ ಇವತ್ತಿಗೆ ಮೊದಲ ಸಲ ನನಗೆ ಉಸಿರು ಸರಾಗವಾಗಿ ಬಂತು. ಮಮತಾ ತಲೆಯೆತ್ತಿ ನೋಡುತ್ತಿದ್ದಾಳೆ. ಜವಾನ ಮತ್ತೆ ಕೂಗುತ್ತಿದ್ದಾನೆ. ಮೊದಲು ಹೇಳುವುದು, ಮತ್ತೋಡಿಗೆ ಅವರನ್ನು ಹಾಕಿದ್ದು ಕಂಪ್ಯೂಟರ್ ಅಲ್ಲ, ನಾನು.