ಚಿಲಕ ಸರ್ಕಾರಕ್ಕೆ, ಮನೆ ನಮಗೆ

ಮಾನ್ಯ ಮುಟ್ಟುಗೋಲು ಅಧಿಕಾರಿಗಳೇ,

ನಮ್ಮ ಮನೆಯನ್ನು ನಮಗೆ ಹಿಂದಿರುಗಿಸಿದ್ದೀರಿ. ಆ ಆದೇಶ ತಪ್ಪು ಎಂದು ಹೇಳಲು ಈ ಪತ್ರ. ಕಳೆದುಕೊಂಡವರ ದೂರು ನಿಮಗೆ ಹೊಸದಲ್ಲ. ಇಲ್ಲಿ ಪಡೆದುಕೊಂಡವಳೇ ದೂರುತ್ತಿದ್ದಾಳೆ, ಸ್ವಲ್ಪ ಸಹಿಸಿಕೊಳ್ಳಿ.

ನಮ್ಮ ಮಹಡಿಯನ್ನು ಬಾಡಿಗೆಗೆ ಹಿಡಿದವನು ಕೆಲಸ ಕೊಡಿಸುವುದಾಗಿ ನಂಬಿಸಿ ಹೆಣ್ಣುಮಕ್ಕಳನ್ನು ತಂದು, ಅಲ್ಲಿ ಕೂಡಿಹಾಕಿ, ಮಾರುತ್ತಿದ್ದ. ಈಗ ಜೈಲಿನಲ್ಲಿದ್ದಾನೆ. ಅವನ ವ್ಯಾನು, ಹಾಸಿಗೆಗಳು, ಮಹಡಿಯ ಬಾಗಿಲಿಗೆ ಹೊರಗಿನಿಂದ ಹಾಕಿಸಿದ್ದ ಚಿಲಕ ಎಲ್ಲವೂ ಸರ್ಕಾರದ ಪಾಲಾದವು. ಮನೆ ಮಾತ್ರ ಅಮ್ಮನ ಹೆಸರಿನಲ್ಲಿದೆ. ಒಡತಿಗೆ ವಿಷಯ ತಿಳಿದಿತ್ತೆಂದು ರುಜುವಾತಾಗದೆ ಅದನ್ನು ಮುಟ್ಟುವಂತಿಲ್ಲವೆಂದು ಕಾನೂನು ನಿಮ್ಮ ಕೈ ಕಟ್ಟಿತು. ಎಂಥ ನ್ಯಾಯ! ಚಿಲಕ ಅಪರಾಧಿ, ಬಾಗಿಲು ನಿರಪರಾಧಿ.

ಕಾನೂನಿನ ಆ ಮಿತಿಯೇ ಬೇಡ ಎನ್ನುವವಳಲ್ಲ ನಾನು. ಪಕ್ಕದ ಬೀದಿಯ ಇಸ್ತ್ರಿ ಅಂಗಡಿಯ ಅಜ್ಜಿ ಮೊಮ್ಮಗ ಮಾಡಿದ ಅಪರಾಧಕ್ಕೆ ಸೂರು ಕಳೆದುಕೊಳ್ಳಬೇಕಿತ್ತು. ಅವಳನ್ನು ಉಳಿಸಿದ್ದು ಅದೇ ಮಿತಿ. ಅಜ್ಜಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದಿರುವುದು ಬೇರೆ, ಗೊತ್ತುಮಾಡಿಕೊಳ್ಳದಿರುವುದು ಬೇರೆ ಅಲ್ಲವೇ? ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ನನಗೆ ಹೊಳೆದ ಈ ವ್ಯತ್ಯಾಸ ನಿಮ್ಮ ದಪ್ಪ ಆದೇಶದಲ್ಲಿ ಎಲ್ಲಿಯೂ ಇಲ್ಲ.

ಅವನು ಮಹಡಿಯಲ್ಲಿದ್ದಾಗ ನಾನು ಬೇರೆ ಊರಿನಲ್ಲಿ, ಹಿಡಿದ ಕೆಲಸವನ್ನೆಲ್ಲ ನಡುವೆ ಬಿಡುತ್ತ, ಸ್ಕೂಟರಿನಲ್ಲಿ ಪಾರ್ಸೆಲ್ ಹಂಚುತ್ತಿದ್ದೆ. ಅವನ ಬಂಧನವಾಗಿ ನಾನು ಮನೆಗೆ ಬಂದ ಮೇಲೆ ಕಂಡದ್ದನ್ನು ಹೇಳುತ್ತೇನೆ. ಮಹಡಿ ಖಾಲಿ, ಕೆಳಗೆ ನಾವಿಬ್ಬರೇ. ಅಮ್ಮ ಮಾತ್ರ ದೊಡ್ಡ ಪಾತ್ರೆಯಲ್ಲೇ ಅನ್ನಕ್ಕಿಡುತ್ತಾಳೆ. ಒಂದು ಮಧ್ಯಾಹ್ನ, ಯಾರ ಮದುವೆಗೆ ಇಷ್ಟೊಂದು ಎಂದು ರೇಗಿಸಿದೆ. ಅಮ್ಮ ನಗಲಿಲ್ಲ. ಬಾಡಿಗೆಯವನಿಗೆ ಊಟವನ್ನೂ ಅವಳೇ ಕಳಿಸುತ್ತಿದ್ದಳಂತೆ, ಅದೇ ಪಾತ್ರೆಯ ತುಂಬ. ಮಹಡಿಯಲ್ಲಿ ಅವನೊಬ್ಬನೇ ಇದ್ದಾನೆಂದುಕೊಂಡಿದ್ದೆ ಎಂದು ನಿಮ್ಮೆದುರು ಹೇಳಿಕೆ ಕೊಟ್ಟವಳೂ ಅವಳೇ.

"ಒಬ್ಬನಿಗೆ ಇಷ್ಟು ಅನ್ನ ಯಾಕೆ ಅಂತ ಒಂದಿನಾನೂ ಕೇಳಲಿಲ್ವಾ ಅಮ್ಮಾ?"

"ಕೇಳಿದ್ರೆ ಹೇಳ್ಬಿಡ್ತಿದ್ದ ಕಣೇ," ಎಂದಳು. "ಹೇಳಿದ್ಮೇಲೆ ನಾನೇನು ಮಾಡ್ಲಿ?"

ಕೆಲವು ದಿನ ಅನ್ನ ಮುಟ್ಟದೆ ಹಾಗೆಯೇ ಕೆಳಗೆ ಬರುತ್ತಿತ್ತಂತೆ. ಒಮ್ಮೆ ತಟ್ಟೆಯ ಅಂಚಿಗೆ ಉದ್ದನೆಯ ಕೂದಲು ಅಂಟಿಕೊಂಡಿತ್ತಂತೆ. ಬಾಡಿಗೆಯವನದು ಬೋಳುತಲೆ. ಅಮ್ಮ ಕೂದಲನ್ನು ನೀರಿಗೆ ಬಿಟ್ಟು ತಟ್ಟೆ ಬೋರಲು ಹಾಕಿದಳಂತೆ. ಈಗ ಗೋಡೆಯೊಳಗಿನ ಪೈಪು ಗುಡುಗುಟ್ಟಿದರೂ ನಾವಿಬ್ಬರೂ ತಲೆಯೆತ್ತಿ ಚಾವಣಿ ನೋಡುತ್ತೇವೆ.

ಮಹಡಿಯಿಂದ ಬಿಡುಗಡೆಯಾದ ಹೆಣ್ಣುಮಕ್ಕಳಲ್ಲಿ ಕಿರಿಯವಳನ್ನು ನೋಡಲು ಆಶ್ರಯಕೇಂದ್ರಕ್ಕೆ ಹೋಗಿದ್ದೆ. ಅಪರಾಧಿಯ ಹೆಸರಿನಲ್ಲಿ ಮನೆ, ಜಮೀನು ಏನೂ ಇಲ್ಲದ್ದರಿಂದ ಅವಳ ಪರಿಹಾರದ ಅರ್ಜಿ ಮೂಲೆಗೆ ಬಿದ್ದಿದೆ. ಆದರೆ ಅವಳು ಕೇಳಿದ್ದು ಒಂದೇ.

"ಒಗ್ಗರಣೆ ವಾಸನೆ ಮೇಲಕ್ಕೆ ಬರ್ತಿತ್ತು ಅಕ್ಕಾ. ಅಡುಗೆ ಮಾಡ್ತಿದ್ದೋರಿಗೆ ನಾವಿರೋದು ಗೊತ್ತಿತ್ತಾ?"

ಗೊತ್ತಿತ್ತು, ಎಂದೆ.

ಇದನ್ನು ಬರೆಯುತ್ತಿರುವುದು ಅಮ್ಮನಿಗೆ ತಿಳಿದಿದೆ. ಹೆತ್ತವಳನ್ನೇ ಬೀದಿಗೆ ತರ್ತೀಯಾ ಎಂದು ಕೇಳಿದಳು. ತರುತ್ತೇನೆ, ಜೊತೆಗೆ ನಾನೂ ಬರುತ್ತೇನೆ ಎಂದೆ. ಆಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ನನ್ನ ಬೇಡಿಕೆ ಇಷ್ಟು. ಆ ಆದೇಶವನ್ನು ಮರುಪರಿಶೀಲಿಸಿ. ನನ್ನನ್ನು ಸಾಕ್ಷಿಯಾಗಿ ಕರೆಸಿ. ಆ ಹುಡುಗಿಗೆ ಹೇಳಿದ್ದನ್ನೇ ಪ್ರಮಾಣ ಮಾಡಿ ಹೇಳುತ್ತೇನೆ. ಮನೆಯನ್ನು ತೆಗೆದುಕೊಂಡು, ಖಜಾನೆಗಲ್ಲ, ಅದರೊಳಗೆ ಕೂಡಿಹಾಕಲ್ಪಟ್ಟವರಿಗೆ ಕೊಡಿ. ನೀವು ಕರೆಸದಿದ್ದರೂ ನಿಮ್ಮ ಕಚೇರಿಯ ಬಾಗಿಲಿಗೆ ದಿನವೂ ಬರುತ್ತೇನೆ. ಈ ಒಂದು ಕೆಲಸವನ್ನು ನಡುವೆ ಬಿಡುವುದಿಲ್ಲ.

ಇಂತಿ,
ನಿಮ್ಮ ಆದೇಶದ ಪ್ರಕಾರ
ಏನೂ ತಿಳಿಯದ ಮನೆಯ ಮಗಳು